ಮೊದಲ ಏಟು ಹುಟ್ಟುವ ಸ್ಥಳ

ಅನ್ನವಿಲ್ಲದವನ ಹಸಿವು ಉಪವಾಸವೆನಿಸದು. ಬಲವಿಲ್ಲದವನು ಹೊಡೆಯದಿರುವುದು ಕ್ಷಮೆಯೆನಿಸದು. ಹೊಡೆಯುವ ಶಕ್ತಿಯನ್ನು ಕಲಿಸುವ ವಿದ್ಯೆಗೇ ಹೊಡೆಯದಿರುವ ನಿಯಮವೂ ಅಗತ್ಯ. ಜಪಾನಿನ ಒಕಿನಾವಾ ದ್ವೀಪದಲ್ಲಿ ಬೆಳೆದ ಕರಾಟೆಯೆಂಬ ಬರಿಗೈ ಕಾಳಗದ ವಿದ್ಯೆಯು ಇಂತಹ ನಿಯಮಗಳನ್ನು ಕಿರುನುಡಿಗಳಲ್ಲಿ ಕಾಪಾಡಿಕೊಂಡು ಬಂದಿದೆ.

ಒಕಿನಾವಾದ ಶುರಿಯಲ್ಲಿ 1868ರಲ್ಲಿ ಜನಿಸಿ, 1922ರಲ್ಲಿ ಟೋಕಿಯೊಗೆ ತೆರಳಿ ಈ ವಿದ್ಯೆಯನ್ನು ಹರಡಿದ ಫುನಕೋಶಿ ಗಿಚಿನ್ ಅವರು ಶಿಷ್ಯರಿಗೆ ಇಪ್ಪತ್ತು ಸೂತ್ರಗಳನ್ನು ಕೊಟ್ಟರು. ಅಭ್ಯಾಸವು ನಮಸ್ಕಾರದಿಂದ ತೊಡಗಿ ನಮಸ್ಕಾರದಲ್ಲಿಯೇ ಮುಗಿಯಬೇಕೆಂಬುದು ಮೊದಲನೆಯದು. ಕರಾಟೆಯಲ್ಲಿ ಮೊದಲ ಏಟೆಂಬುದೇ ಇಲ್ಲವೆಂಬುದು ಎರಡನೆಯದು. ಅವರು 1957ರಲ್ಲಿ ನಿಧನರಾದರು. 1968ರಲ್ಲಿ ಕಾಮಾಕುರದ ಎಂಗಾಕುಜಿ ಬೌದ್ಧ ವಿಹಾರದಲ್ಲಿ ನಿಲ್ಲಿಸಿದ ಅವರ ಸ್ಮಾರಕಶಿಲೆಯ ಮೇಲೆ ಈ ಎರಡನೆಯ ನುಡಿಯೇ ಕೆತ್ತಲ್ಪಟ್ಟಿದೆ.

ಆದರೆ ಕೈಯೆತ್ತದಿದ್ದ ಮಾತ್ರಕ್ಕೆ ನಿಯಮವು ಪಾಲನೆಯಾಯಿತೆ? ಒಬ್ಬನು ಕಟುನುಡಿಯಿಂದ ಎದುರಾಳಿಯನ್ನು ಕೆಣಕಿ, ಅವನು ಕೈಯೆತ್ತುವುದನ್ನೇ ಕಾದಿದ್ದು ಬಡಿದರೆ, ನುಡಿಯ ಶಬ್ದ ಉಳಿಯಿತು, ಅರ್ಥ ಅಳಿಯಿತು. ಇನ್ನೊಂದು ತೊಡಕೂ ಉಂಟು. ಒಕಿನಾವಾದ ಮತ್ತೊಬ್ಬ ಗುರು ಮಬುನಿ ಕೆನ್ವ (1889–1952) ಅವರು, ಆಕ್ರಮಣವು ಅನಿವಾರ್ಯವೆನಿಸಿದಾಗ ತಾನೇ ಮುಂದಾಗುವುದು ಈ ನುಡಿಗೆ ವಿರುದ್ಧವಲ್ಲವೆಂದು ವಿವರಿಸಿದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅನಿವಾರ್ಯವೆಂದು ನಿರ್ಣಯಿಸುವವರಾರು? ಭಯಗ್ರಸ್ತವಾದ ಮನಸ್ಸಿಗೆ ಎದುರು ಬಂದವರೆಲ್ಲರೂ ಶತ್ರುಗಳೇ.

ಆದುದರಿಂದಲೇ ಕೈಗೆ ವಿಧಿಸಿದ ನಿಯಮವು ಮನಸ್ಸಿಗೂ ಅನ್ವಯಿಸಬೇಕಾಗುತ್ತದೆ. ಅನಾಹುತವು ಅಜಾಗರೂಕತೆಯಿಂದ ಹುಟ್ಟುವುದೆಂದು ಫುನಕೋಶಿಯವರ ಮತ್ತೊಂದು ಸೂತ್ರ ಎಚ್ಚರಿಸುತ್ತದೆ. ಶ್ರಾವಕರಿಗೆ ಇದು ಅಪರಿಚಿತವಲ್ಲ; ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮುನ್ನ ಪ್ರಮಾದವನ್ನೇ ಹೆಸರಿಸುತ್ತದೆ. ಆದರೂ ಎರಡೂ ಒಂದೇ ಅಲ್ಲ. ಯೋಧನ ನುಡಿ ಮರು ಏಟಿಗೆ ಎಡೆಗೊಡುತ್ತದೆ. ಗೃಹಸ್ಥನಿಗೂ ವಿರೋಧೀ ಹಿಂಸೆ ಕೆಲವೊಮ್ಮೆ ತಪ್ಪದಿರಬಹುದು; ಆದರೆ ತಪ್ಪದೆ ನಡೆದ ಹಿಂಸೆಯೂ ಹಿಂಸೆಯೇ, ಅದು ಪುಣ್ಯವಾಗಲಾರದು.

ಮಲ್ಲಯುದ್ಧದಲ್ಲಿ ಬಾಹುಬಲಿಯು ಭರತನನ್ನು ಮೇಲೆತ್ತಿಯೂ ನೆಲಕ್ಕೆ ಅಪ್ಪಳಿಸಲಿಲ್ಲ. ಆ ಕ್ಷಣದಲ್ಲಿ ತೋಳಿನ ಬಲ ಕುಂದಿರಲಿಲ್ಲ. ಗೆಲ್ಲುವ ಹಂಬಲ ಸಡಿಲಿತ್ತು. ಮನೆಯಂಗಳದಲ್ಲಿ, ಅಂಗಡಿಯಲ್ಲಿ, ಆಸ್ತಿಯ ವ್ಯಾಜ್ಯದಲ್ಲಿ ತಾನು ಮೊದಲು ಹೊಡೆಯಲಿಲ್ಲವೆಂದು ಹೇಳಿಕೊಳ್ಳುವವನು ಒಮ್ಮೆ ನಿಂತು ಕೇಳಿಕೊಳ್ಳಬೇಕಾದುದು ಇಷ್ಟೇ: ಕೈ ಸುಮ್ಮನಿದ್ದಾಗ ಮನಸ್ಸು ಎಷ್ಟು ಏಟುಗಳನ್ನು ಹೊಡೆದು ಮುಗಿಸಿತ್ತು?