ವಿಹಾರವೋ, ಹುಡುಕಾಟವೋ?

ಮದುವೆಯ ವಾರ್ಷಿಕೋತ್ಸವಕ್ಕೋ ಮಕ್ಕಳ ಬೇಸಿಗೆ ರಜೆಗೋ ಪತಿಪತ್ನಿಯರು ನಾಲ್ಕು ದಿನ ಹೊರಗೆ ಹೋಗಿಬರುವುದು ಇಂದು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿಯೂ ವಾಡಿಕೆಯಾಗಿದೆ. ಕೆಲವರು ಸಾಲ ಮಾಡಿಯಾದರೂ ಹೋಗುತ್ತಾರೆ. ಇನ್ನು ಕೆಲವರು, ಕೈಯಲ್ಲಿರುವ ಹಣವನ್ನು ಹೀಗೆ ತಮಗಾಗಿಯೇ ಖರ್ಚು ಮಾಡುವುದು ಸರಿಯೇ ಎಂದು ಒಳಗೊಳಗೇ ಅಳುಕುತ್ತಾರೆ. ಆ ಅಳುಕು ತಳ್ಳಿಹಾಕುವಂಥದ್ದಲ್ಲ. ಇಂಥ ವಿಹಾರಕ್ಕೆ ಅರ್ಥ ಬರುವುದು ಯಾವುದರಿಂದ? ಹೋದ ಊರಿನಿಂದಲೇ, ತೆತ್ತ ಹಣದಿಂದಲೇ, ಅಥವಾ ಬೇರಾವುದರಿಂದಲೋ?

ಪವಿತ್ರ ಕುಟುಂಬವೂ ಪ್ರಯಾಣ ಮಾಡಿತ್ತು. ಮರಿಯ ಮತ್ತು ಜೋಸೆಫರು ಪ್ರತಿವರ್ಷವೂ ಪಾಸ್ಖ ಹಬ್ಬಕ್ಕೆಂದು ನಜರೇತಿನಿಂದ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕನು ತನ್ನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ತಿಳಿಸುತ್ತಾನೆ. ಯೇಸುವಿಗೆ 12 ವರ್ಷವಾಗಿದ್ದಾಗ ನಡೆದ ಘಟನೆ ನಿಮಗೆ ಗೊತ್ತೇ ಇದೆ. ಮಗನು ಜೊತೆಯ ಯಾತ್ರಿಕರ ನಡುವೆ ಇದ್ದಾನೆಂದು ಭಾವಿಸಿ ಅವರು ಒಂದು ದಿನದ ಹಾದಿಯನ್ನು ನಡೆದುಬಿಟ್ಟರು. ಅವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ‘ಜೊತೆಯಲ್ಲೇ ಇದ್ದಾನೆ’ ಎಂದು ನಂಬಿದ್ದರು, ಅಷ್ಟೇ.

ನಮ್ಮ ದಾಂಪತ್ಯಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಅಲ್ಲವೇ? ಒಂದೇ ಸೂರಿನಡಿ ಇದ್ದೇವೆ, ಒಂದೇ ಪೀಠದಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸುತ್ತೇವೆ, ಮಕ್ಕಳ ಶುಲ್ಕ ಕಟ್ಟುತ್ತೇವೆ, ಮನೆಸಾಲ ತೀರಿಸುತ್ತೇವೆ. ಸಂಗಾತಿ ಜೊತೆಯಲ್ಲೇ ಇದ್ದಾರೆಂದು ಭಾವಿಸಿ ಒಂದು ದಿನದ ಹಾದಿಯನ್ನಲ್ಲ, ಹತ್ತು ವರ್ಷಗಳ ಹಾದಿಯನ್ನು ಸವೆಸಿಬಿಡುತ್ತೇವೆ.

ನನ್ನದೇ ಒಂದು ಅನುಭವವನ್ನು ಹೇಳಿಕೊಳ್ಳುತ್ತೇನೆ. ಮದುವೆಯಾಗಿ ಹದಿನೈದು ವರ್ಷ ತುಂಬಿದಾಗ ನಾವಿಬ್ಬರೂ ಆಗುಂಬೆಗೆ ಹೋಗಿದ್ದೆವು. ಆಕಾಶ ತಿಳಿಯಾಗಿದ್ದರೆ ಘಟ್ಟದ ಮೇಲಿನಿಂದ ದೂರದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆ. ಅಂದು ಮೋಡ ಕವಿದು ಏನೂ ಕಾಣಲಿಲ್ಲ. ಬಂದದ್ದೇ ವ್ಯರ್ಥವಾಯಿತೆಂದು ನಾನು ಗೊಣಗಿದೆ. ನನ್ನ ಹೆಂಡತಿ ಮೆಲ್ಲನೆ ಹೇಳಿದಳು: “ವ್ಯರ್ಥ ಯಾಕೆ? ನೀವು ಒಂದು ಗಂಟೆ ನನ್ನ ಪಕ್ಕದಲ್ಲಿ ಕೂತು ಎಷ್ಟು ವರ್ಷವಾಯಿತು ಹೇಳಿ.” ನನ್ನಲ್ಲಿ ಉತ್ತರವಿರಲಿಲ್ಲ. ನಾನು ಸೂರ್ಯನನ್ನು ನೋಡಲು ಹೋಗಿದ್ದೆ. ಅವಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು.

ಹಾಗಾದರೆ ಊರು ಬಿಟ್ಟು ಹೋದರೆ ಸಾಕೇ? ಸಾಲದು. ಮನೆಯಲ್ಲಿ ಮೌನಕ್ಕೆ ಕೆಲಸದ ನೆಪವಿರುತ್ತದೆ. ಬಿಡುವಿನಲ್ಲಿ ಆ ನೆಪವೂ ಇಲ್ಲದೆ ಅಂತರ ಬಯಲಾಗುತ್ತದೆ. ಆ ಅಂತರವನ್ನು ಮುಚ್ಚಲೆಂದೇ ನಾವು ನೋಡುವ ಸ್ಥಳಗಳ ಪಟ್ಟಿಯನ್ನು ಉದ್ದ ಮಾಡುತ್ತೇವೆ, ಸಾಲುಸಾಲಾಗಿ ಫೋಟೋ ತೆಗೆಯುತ್ತೇವೆ. ಸ್ಪೇನಿನ ಗುರು ಗೇಬ್ರಿಯಲ್ ಕಾಲ್ವೊ 1962ರಲ್ಲಿ ಬಾರ್ಸಿಲೋನಾದಲ್ಲಿ ದಂಪತಿಗಳಿಗಾಗಿ ಆರಂಭಿಸಿದ ಶಿಬಿರ ಇಂದು ‘ಮ್ಯಾರೇಜ್ ಎನ್‌ಕೌಂಟರ್’ ಎಂದು ಲೋಕಪ್ರಸಿದ್ಧವಾಗಿದೆ. ಆ ವಾರಾಂತ್ಯದಲ್ಲಿ ನೋಡುವ ತಾಣಗಳಿಲ್ಲ. ಪತಿಪತ್ನಿಯರು ತಮ್ಮ ಮನಸ್ಸಿನಲ್ಲಿರುವುದನ್ನು ಬೇರೆಬೇರೆಯಾಗಿ ಕುಳಿತು ಬರೆಯುತ್ತಾರೆ, ಪತ್ರಗಳನ್ನು ಬದಲಾಯಿಸಿಕೊಂಡು ಓದುತ್ತಾರೆ, ಬಳಿಕ ಇಬ್ಬರೇ ಮಾತನಾಡುತ್ತಾರೆ. ಎದುರಿಗಿರುವವರನ್ನು ಹೊಸದಾಗಿ ಕಾಣಲು ಇಷ್ಟು ಸಾಕು.

ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಪ್ರಕಟಿಸಿದ ‘ಅಮೋರಿಸ್ ಲೆಟೀಷಿಯ’ ಎಂಬ ಪ್ರಬೋಧನೆಯಲ್ಲಿ, ಪ್ರೀತಿಗೆ ಸಮಯ ಬೇಕು, ಅವಸರವಿಲ್ಲದೆ ಕಿವಿಗೊಡುವ ವ್ಯವಧಾನ ಬೇಕು ಎಂದು ನೆನಪಿಸಿದರು. ಸಮಯವನ್ನು ಬಡವನೂ ಕೊಡಬಲ್ಲ. ಆದ್ದರಿಂದ ದೂರದ ಊರಿಗೆ ಹೋಗಲಾಗದವರು ಕೊರಗಬೇಕಿಲ್ಲ. ಕೆರೆಯ ಏರಿಯ ಮೇಲಿನ ಒಂದು ಸಂಜೆಯೂ ವಿಹಾರವೇ. ಹಾಗೆಯೇ, ಹೋಗಬಲ್ಲವರು ಮನೆಯಲ್ಲಿರುವ ವೃದ್ಧ ತಂದೆತಾಯಿಯರ ಔಷಧಿ, ಊಟಗಳಿಗೆ ವ್ಯವಸ್ಥೆ ಮಾಡದೆ ಹೊರಟರೆ, ಒಬ್ಬರನ್ನು ಹುಡುಕಲು ಹೋಗಿ ಇನ್ನೊಬ್ಬರನ್ನು ಕಳೆದುಕೊಂಡಂತೆ.

ಮಗನಿಲ್ಲವೆಂದು ಅರಿತೊಡನೆ ಮರಿಯ ಮತ್ತು ಜೋಸೆಫರು ಬಂದ ದಾರಿಯಲ್ಲೇ ಹಿಂದಿರುಗಿದರು. ಮೂರನೆಯ ದಿನ ದೇವಾಲಯದಲ್ಲಿ ಅವನನ್ನು ಕಂಡರು. ನಮ್ಮ ವಿಹಾರವೂ ಇಂಥ ಹಿಂದಿರುಗುವಿಕೆಯಾಗಲಿ. ಒಂದು ಮಾತನ್ನು ಮರೆಯದಿರೋಣ: ಕಂಡ ಮೇಲೆ ಅವರು ಅಲ್ಲೇ ಉಳಿಯಲಿಲ್ಲ, ನಜರೇತಿನ ದಿನನಿತ್ಯದ ಬದುಕಿಗೆ ಮರಳಿದರು. ವಿಹಾರದ ನಿಜವಾದ ಪರೀಕ್ಷೆ ಬೆಟ್ಟದ ಮೇಲಲ್ಲ, ಮರಳಿದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ. ಅಲ್ಲಿ ನೀವು ಒಬ್ಬರ ಮುಖವನ್ನೊಬ್ಬರು ನೋಡಿ ಮಾತನಾಡಿದರೆ, ಪ್ರಿಯ ಓದುಗರೇ, ಹೋಗಿಬಂದದ್ದು ಸಾರ್ಥಕ.