ಶಟಲ್‌ನ ಗರಿ ಮತ್ತು ಅನರ್ಥದಂಡದ ಪ್ರಶ್ನೆ

ಬ್ಯಾಡ್ಮಿಂಟನ್ ಕಲಿಯಲು ಬೇಕಾಗುವ ಸಲಕರಣೆಗಳಲ್ಲಿ ಧರ್ಮವಿಚಾರಕ್ಕೆ ನೇರವಾಗಿ ಎಡೆಕೊಡುವುದು ಶಟಲ್. ಬಿರಡೆಯ ಬುಡದಲ್ಲಿ 16 ಗರಿಗಳನ್ನು ವೃತ್ತಾಕಾರವಾಗಿ ನೆಟ್ಟು, ದಾರ ಸುತ್ತಿ, ಅಂಟಿನಿಂದ ಬಿಗಿದು ಸಿದ್ಧಪಡಿಸುವ ಈ ವಸ್ತುವಿನ ತೂಕ 4.74ರಿಂದ 5.50 ಗ್ರಾಂ ಮಾತ್ರ. ಗರಿಗಳು ಹೆಬ್ಬಾತಿನವು ಅಥವಾ ಬಾತುಕೋಳಿಯವು. ಹಾರುವಾಗ ಶಟಲ್ ಒಂದೇ ದಿಕ್ಕಿಗೆ ತಿರುಗಬೇಕಾದ್ದರಿಂದ ಅವೆಲ್ಲವೂ ಒಂದೇ ಬದಿಯ ರೆಕ್ಕೆಯಿಂದ ಬಂದಿರಬೇಕು, ಒಂದು ರೆಕ್ಕೆಯಲ್ಲಿ ಬಳಕೆಗೆ ಒದಗುವ ಗರಿಗಳು ಕೆಲವೇ ಆದ್ದರಿಂದ ಒಂದು ಶಟಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಹಕ್ಕಿಗಳ ಗರಿ ಕೂಡಿರುತ್ತದೆ. ಬದುಕಿಗೆ ಅನಿವಾರ್ಯವಲ್ಲದ ಆಟವೊಂದಕ್ಕಾಗಿ ಪಂಚೇಂದ್ರಿಯ ಜೀವಿಯ ದೇಹದ ಭಾಗವನ್ನು ಬಳಸುವುದು ಹಿಂಸೆಯೇ, ಹಿಂಸೆಯಾದರೆ ಅದು ಯಾವ ಬಗೆಯದು ಎಂಬುದು ಇಲ್ಲಿನ ಪ್ರಶ್ನೆ.

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಸೀಮೆಗೆ ಈ ಪ್ರಶ್ನೆ ಹೊರಗಿನಿಂದ ಬಂದದ್ದಲ್ಲ. ಬಹುಕಾಲ ರೋಣ ತಾಲ್ಲೂಕಿಗೆ ಸೇರಿದ್ದ ನರೇಗಲ್ಲಿನಲ್ಲಿ 10ನೆಯ ಶತಮಾನದಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿಂದ ಬಹುದೂರವೇನಲ್ಲದ ಲಕ್ಕುಂಡಿಯಲ್ಲಿ 11ನೆಯ ಶತಮಾನದ ಆರಂಭದಲ್ಲಿ ಅತ್ತಿಮಬ್ಬೆಯ ಬ್ರಹ್ಮಜಿನಾಲಯ ಎದ್ದಿತು. ಈ ಬಸದಿಗಳ ಹಿಂದಿದ್ದ ಜೈನ ಚಿಂತನೆ ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಕೊಲ್ಲಬೇಕೆಂಬ ಉದ್ದೇಶದಿಂದಲೇ ನಡೆಯುವುದು ಸಂಕಲ್ಪೀ, ಅಡುಗೆ ಮನೆವಾರ್ತೆಗಳಲ್ಲಿ ತಪ್ಪಿಸಲಾಗದೆ ಒದಗುವುದು ಆರಂಭೀ, ಜೀವನೋಪಾಯದಲ್ಲಿ ಸಂಭವಿಸುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಇವುಗಳಲ್ಲಿ ಮೊದಲನೆಯದನ್ನು ಗೃಹಸ್ಥ ಪೂರ್ಣವಾಗಿ ತೊರೆಯಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು. ಹವ್ಯಾಸಕ್ಕಾಗಿ ಆಡುವವನ ಆಟ ಈ ನಾಲ್ಕರಲ್ಲಿ ಯಾವುದರೊಳಗೂ ಸಲೀಸಾಗಿ ಕೂರುವುದಿಲ್ಲ. ಅದನ್ನು ಪರೀಕ್ಷಿಸಬೇಕಾದದ್ದು ಅನರ್ಥದಂಡ ಎಂಬ ಪರಿಕಲ್ಪನೆಯಿಂದ, ಎಂದರೆ ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ಒದಗಿಸುವ ನೋವಿನ ವಿಚಾರದಿಂದ. ಇದರಿಂದ ದೂರವಿರುವುದನ್ನು ಗೃಹಸ್ಥರ ನಡೆಯನ್ನು ಹೇಳುವ ಶ್ರಾವಕಾಚಾರ ಗ್ರಂಥಗಳು ಪ್ರತ್ಯೇಕ ವ್ರತವಾಗಿಯೇ ವಿಧಿಸಿವೆ.

ಆಟಗಾರ ತಾನು ಗರಿ ಕಿತ್ತಿಲ್ಲ ಎಂದು ಹೇಳಬಹುದು. ಆದರೆ ಜೈನ ವಿಚಾರದಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ನೆಲೆಗಳಿವೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು. ಕೊಳ್ಳುವವನು ಮೊದಲನೆಯದರಿಂದ ಪಾರಾದರೂ ಕೊನೆಯದರಿಂದ ಪಾರಾಗುವುದು ಕಷ್ಟ. ಗರಿಗಳು ಹೆಚ್ಚಾಗಿ ಮಾಂಸಕ್ಕೆಂದು ಸಾಕಿದ ಹಕ್ಕಿಗಳಿಂದ ಉಪ ಉತ್ಪನ್ನವಾಗಿ ದೊರೆಯುತ್ತವೆ ಎಂಬ ಸಮಾಧಾನಕ್ಕೆ ಒಂದು ಮಟ್ಟದ ಬಲವಿದೆ; ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಉಲುಬೇರಿಯಾದಲ್ಲಿ ಬಾತುಕೋಳಿಯ ಗರಿಗಳನ್ನು ತೊಳೆದು, ಕತ್ತರಿಸಿ, ಆರಿಸಿ ಜೋಡಿಸುವ ಕುಶಲಕರ್ಮಿಗಳ ಪಾಲಿಗೆ ಅದು ಕಾಯಕ, ಅವರ ವಿಚಾರವನ್ನು ಉದ್ಯೋಗೀ ಹಿಂಸೆಯ ಕಟ್ಟಿನಲ್ಲಿಯೇ ಮಾಡಬೇಕಾಗುತ್ತದೆ. ಆದರೂ ದಿಗಂಬರ ಮುನಿಯ ಕೈಯಲ್ಲಿನ ಪಿಂಛಿಯೊಡನೆ ಶಟಲ್ಲನ್ನು ಇಟ್ಟು ನೋಡಿದರೆ ವ್ಯತ್ಯಾಸ ಮರೆಯಾಗದು. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ಪಿಂಛಿ, ಕುಳಿತುಕೊಳ್ಳುವ ಮೊದಲು ನೆಲದ ಸಣ್ಣ ಜೀವಿಗಳನ್ನು ನೋಯಿಸದೆ ಸರಿಸಲು ಇರುವ ಉಪಕರಣ. ಆದ್ದರಿಂದ ದೋಷವಿರುವುದು ಗರಿಯಲ್ಲಲ್ಲ. ಅದು ಬಂದ ದಾರಿಯಲ್ಲಿ, ಬಳಕೆಯಾಗುವ ರೀತಿಯಲ್ಲಿ.

ಗೃಧ್ರಪಿಂಛಾಚಾರ್ಯನೆಂದು ಕನ್ನಡ ನಾಡಿನ ಶಾಸನಗಳು ಕರೆದ ಉಮಾಸ್ವಾತಿ, ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮುಂಚೆ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಹೆಸರಿಸುತ್ತಾನೆ. ಈ ಕ್ರಮ ಅತ್ಯಂತ ಮಹತ್ವದ್ದು, ಏಕೆಂದರೆ ಆಟದ ಪ್ರಾಥಮಿಕ ಕೌಶಲಗಳೂ ಕೂಡ ಎಚ್ಚರದ ಅಭ್ಯಾಸಗಳೇ ಆಗಿವೆ. ರ್‍ಯಾಕೆಟ್ಟಿನ ಹಿಡಿಯನ್ನು ಕೈಕುಲುಕುವಂತೆ ಸಡಿಲವಾಗಿ ಹಿಡಿದು, ಹೊಡೆತದ ಕ್ಷಣದಲ್ಲಿ ಮಾತ್ರ ಬೆರಳುಗಳನ್ನು ಬಿಗಿಗೊಳಿಸಬೇಕು. ತಲೆಯ ಮೇಲಿನ ಹೊಡೆತದಲ್ಲಿ ದೇಹವನ್ನು ಪಕ್ಕಕ್ಕೆ ತಿರುಗಿಸಿ, ರ್‍ಯಾಕೆಟ್ ಇಲ್ಲದ ಕೈಯನ್ನು ಮೇಲೆತ್ತಿ, ಮುಂಗೈಯನ್ನು ಒಳಮುಖವಾಗಿ ತಿರುಗಿಸುತ್ತ, ತೋಳು ಪೂರ್ಣವಾಗಿ ಚಾಚಿದ ಎತ್ತರದಲ್ಲಿ, ತಲೆಗಿಂತ ಸ್ವಲ್ಪ ಮುಂದೆ ಶಟಲ್ಲನ್ನು ಸಂಧಿಸಬೇಕು. ಪ್ರತಿ ಹೊಡೆತದ ಬಳಿಕ ಕೋರ್ಟಿನ ನಡುಭಾಗಕ್ಕೆ ಮರಳಬೇಕು. ಹೊಡೆತ ಬಿದ್ದ ಕೂಡಲೇ ಶಟಲ್ ಮಗುಚಿ ಬಿರಡೆಯನ್ನು ಮುಂದೆ ಮಾಡಿ ಹಾರುವುದರಿಂದ, ಸರಿಯಾದ ಸಮಯಕ್ಕೆ ಕಾದು ಹೊಡೆಯುವವನ ತಂತಿಗೆ ಬಿರಡೆ ಸಿಗುತ್ತದೆ. ಆತುರಪಡುವವನ ಚೌಕಟ್ಟಿಗೆ ಗರಿಯ ಕಡ್ಡಿ ಸಿಕ್ಕು ಮುರಿಯುತ್ತದೆ. ಸರ್ವ್ ಮಾಡುವಾಗಲಂತೂ ಬಿರಡೆಗೇ ಮೊದಲು ತಾಗಬೇಕು, ಆ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್ ಎತ್ತರಕ್ಕಿಂತ ಕೆಳಗಿರಬೇಕು ಎಂದು ನಿಯಮವೇ ಹೇಳುತ್ತದೆ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರ ಆಟ ಬಲಕ್ಕಿಂತ ಹಿಡಿತಕ್ಕೆ, ವೇಗಕ್ಕಿಂತ ನಿಖರತೆಗೆ ಹೆಸರಾದದ್ದು ಈ ಸಂದರ್ಭದಲ್ಲಿ ನೆನೆಯತಕ್ಕದ್ದು.

ಇದರಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ: ಎಚ್ಚರ ಇನ್ನೂ ಕೈಗೂಡದ ಹೊಸಬನ ಕೈಯಲ್ಲಿ ಗರಿಯ ಶಟಲ್ ಅನರ್ಥದಂಡಕ್ಕೆ ಅತಿ ಸಮೀಪದ್ದು, ಏಕೆಂದರೆ ಅವನು ಮುರಿಯುವ ಗರಿಗಳಿಂದ ಅವನ ಕಲಿಕೆಗೆ ಸಿಗುವ ಲಾಭ ನೈಲಾನ್ ಶಟಲ್‌ನಿಂದಲೂ ಸಿಗುತ್ತದೆ. ಒಣ ಹವೆಯಲ್ಲಿ ಗರಿ ಬೇಗ ಪೆಡಸಾಗುವುದರಿಂದ, ಮಳೆ ಕಡಿಮೆಯಿರುವ ಈ ಎರೆಸೀಮೆಯಲ್ಲಿ ವ್ಯಯ ಇನ್ನೂ ಹೆಚ್ಚುತ್ತದೆ. ಆಡುವ ಮುನ್ನ ಗರಿಗಳಿಗೆ ಹಬೆ ಹಿಡಿಯುವ ರೂಢಿ ಹುಟ್ಟಿದ್ದೂ ಇದೇ ಕಾರಣಕ್ಕೆ. ನೈಲಾನ್ ಶಟಲ್‌ಗಳಲ್ಲಿ ಹಸಿರು ಪಟ್ಟಿಯದು ನಿಧಾನ, ನೀಲಿಯದು ಮಧ್ಯಮ, ಕೆಂಪಿನದು ವೇಗ; ಬಿಸಿ ಗಾಳಿ ತೆಳುವಾಗಿರುವುದರಿಂದ ಶಟಲ್ ಹೆಚ್ಚು ದೂರ ಹೋಗುತ್ತದೆ, ಆದ್ದರಿಂದ ರೋಣದ ಬೇಸಿಗೆಗೆ ಹಸಿರು ಪಟ್ಟಿಯದೇ ತಕ್ಕದ್ದು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬರುವಂತೆ ಹೇಳಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ವಿವೇಕವೂ ಈ ನಿರ್ಣಯದ ಪಕ್ಕದಲ್ಲೇ ನಿಲ್ಲುತ್ತದೆ. ಬೇಕಾದಷ್ಟರ ಆಚೆಗಿನದು ಅವಳ ದೃಷ್ಟಿಯಲ್ಲಿ ಆಸೆಯ ಗುರುತು.

ಆದರೆ ನೈಲಾನ್ ಮಣ್ಣಿನಲ್ಲಿ ಕರಗದೆ ಉಳಿದು ಬೇರೆ ಜೀವಿಗಳಿಗೆ ತೊಡಕಾಗುತ್ತದೆಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಯಾವ ಸಲಕರಣೆಯೂ ಪೂರ್ತಿ ನಿರ್ದೋಷಿಯಲ್ಲ, ತಾರತಮ್ಯ ಮಾತ್ರ ಇದೆ: ಹಿಂದೆ ಪ್ರಾಣಿಗಳ ಕರುಳಿನಿಂದ ತಯಾರಾಗುತ್ತಿದ್ದ ತಂತಿಯ ಸ್ಥಾನಕ್ಕೆ ಇಂದು ಕೃತಕ ನೂಲು ಬಂದಿದೆ; ಬಿರಡೆ ಮರದ ತೊಗಟೆಯಿಂದ ಬರುತ್ತದೆ, ಮರ ಉಳಿದು ತೊಗಟೆ ಮತ್ತೆ ಬೆಳೆಯುತ್ತದೆ. ಗಜೇಂದ್ರಗಡದ ಸುತ್ತ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯಲ್ಲಿ ಬಯಲಿನಲ್ಲಿ ಯಾವ ಸಾಮಾನ್ಯ ಶಟಲ್ಲೂ ದಾರಿ ತಪ್ಪುತ್ತದೆ. ಬಯಲಿನಲ್ಲಿ ಆಡಲೆಂದೇ ಕೃತಕ ಶಟಲ್ಲನ್ನು ಬ್ಯಾಡ್ಮಿಂಟನ್‌ನ ಅಂತರರಾಷ್ಟ್ರೀಯ ಒಕ್ಕೂಟ 2019ರಲ್ಲಿ ಪರಿಚಯಿಸಿದೆ. ಅದಕ್ಕೂ ಬಹಳ ಹಿಂದೆ, ತಂಜಾವೂರಿನಲ್ಲಿ ಮೊಳೆತು ಕರ್ನಾಟಕದ ಶಾಲೆಗಳ ಅಂಗಳಕ್ಕೆ ಬಂದ ಬಾಲ್ ಬ್ಯಾಡ್ಮಿಂಟನ್ ಈ ಸಮಸ್ಯೆಗೆ ತನ್ನದೇ ದಾರಿ ಕಂಡುಕೊಂಡಿತ್ತು. ತಂಡಕ್ಕೆ ಐವರಂತೆ ಆಡುವ ಆ ಆಟದ ಹಳದಿ ಚೆಂಡು ಉಣ್ಣೆಯದು, ತೂಕ 27ರಿಂದ 28 ಗ್ರಾಂ, ಗಾಳಿಗೆ ಶಟಲ್‌ನಷ್ಟು ಬೇಗ ಮಣಿಯುವುದಿಲ್ಲ. ಉಣ್ಣೆಯನ್ನು ಕತ್ತರಿಸಿದ ಬಳಿಕ ಕುರಿ ಬದುಕಿರುತ್ತದೆ, ಮತ್ತೆ ಉಣ್ಣೆ ಬಿಡುತ್ತದೆ. ಕುರಿ ಸಾಕಣೆ ಇನ್ನೂ ಜೀವಂತವಾಗಿರುವ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ಮೊದಲ ರ್‍ಯಾಕೆಟ್ ಕೊಡಿಸುವವರು, ಬಯಲಿನಲ್ಲಿ ಆಡಿಸುವುದಾದರೆ ಆ ಚೆಂಡನ್ನೂ, ಸೂರಿನ ಕೆಳಗೆ ಆಡಿಸುವುದಾದರೆ ಹಸಿರು ಪಟ್ಟಿಯ ನೈಲಾನ್ ಶಟಲ್ಲನ್ನೂ ಆರಿಸಿಕೊಳ್ಳುವುದು ಯುಕ್ತ. ಗರಿಯ ಶಟಲ್, ಬಿರಡೆಗೆ ತಪ್ಪದೆ ತಾಗಿಸಬಲ್ಲ ಕೈ ಸಿದ್ಧವಾಗುವ ತನಕ ಕಾಯಬಹುದು.