ವಾಸನಾಕ್ಷಯವೂ ಶೋಧಯಂತ್ರವೂ

ಜೈಮಿನಿಯ ಮೀಮಾಂಸಾಸೂತ್ರಗಳೂ ಬಾದರಾಯಣರ ಬ್ರಹ್ಮಸೂತ್ರಗಳೂ ಜಿಜ್ಞಾಸೆಯನ್ನು ತಮ್ಮ ಮೊದಲನೆಯ ಸೂತ್ರದಲ್ಲಿಯೇ ಇರಿಸಿಕೊಂಡಿರುವುದು ಆಕಸ್ಮಿಕವಲ್ಲ. ತಿಳಿಯಬೇಕೆಂಬ ಇಚ್ಛೆ ಹುಟ್ಟಿದಾಗ ಮನುಷ್ಯನು ಯಾರ ಮುಂದೆ ನಿಲ್ಲುತ್ತಾನೆ, ಯಾವ ಸಿದ್ಧತೆಯಿಂದ ನಿಲ್ಲುತ್ತಾನೆ ಎಂಬುದರಿಂದಲೇ ಅವನಿಗೆ ದೊರೆಯುವ ತಿಳಿವಿನ ಗುಣವು ಬಹುಮಟ್ಟಿಗೆ ನಿರ್ಣಯವಾಗುವುದೆಂದು ನಮ್ಮ ಹಿರಿಯರು ಕಂಡಿದ್ದರು. ಆದುದರಿಂದಲೇ ಮುಂಡಕೋಪನಿಷತ್ತು ಜಿಜ್ಞಾಸುವು ಸಮಿತ್ಪಾಣಿಯಾಗಿ ಗುರುವನ್ನು ಅರಸಿ ಹೋಗಬೇಕೆಂದು ವಿಧಿಸಿದ್ದಲ್ಲದೆ, ಆ ಗುರುವು ಎಂತಹವನಾಗಿರಬೇಕೆಂಬುದನ್ನೂ ಹೇಳಿತು. ಶಬ್ದವನ್ನು ಪ್ರಮಾಣವೆಂದು ಒಪ್ಪಿಕೊಂಡ ನೈಯಾಯಿಕರು, ವಿಷಯವನ್ನು ತಾನು ಕಂಡು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳ ಆಪ್ತನ ಮಾತಿಗೆ ಮಾತ್ರ ಆ ಪದವಿಯನ್ನು ಕೊಟ್ಟರು. ಇಂದು ನಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವು ಮೊದಲು ಹೋಗಿ ಮುಟ್ಟುವುದು ಸರ್ಚ್ ಎಂಜಿನ್ ಎಂದು ಎಲ್ಲರೂ ಕರೆಯುವ ಶೋಧಯಂತ್ರವನ್ನು. ರೋಗದ ಭಯ, ಸಾಲದ ಚಿಂತೆ, ಮಕ್ಕಳ ಭವಿಷ್ಯ, ದೇವರ ವಿಷಯದ ಸಂದೇಹ, ಇವೆಲ್ಲವನ್ನೂ ಮನೆಯವರಿಗೆ ಹೇಳುವುದಕ್ಕೆ ಮೊದಲು ನಾವು ಅದಕ್ಕೆ ಹೇಳುತ್ತೇವೆ. ಆದರೆ ಅದನ್ನು ನಮ್ಮಲ್ಲಿ ಬಹುಮಂದಿ ಆರಿಸಿಕೊಂಡವರಲ್ಲ. ಮೊಬೈಲು ನಮ್ಮ ಕೈಗೆ ಬರುವ ಮೊದಲೇ ಮತ್ತಾರೋ ಅದನ್ನು ಅಲ್ಲಿ ಡಿಫಾಲ್ಟ್ ಆಗಿ ಕೂಡಿಸಿರುತ್ತಾರೆ.

ಇಷ್ಟು ಅಲ್ಪವಾದ ಸಂಗತಿಗೆ ದರ್ಶನಶಾಸ್ತ್ರವನ್ನು ಕರೆಯಬೇಕೆ ಎಂದು ಕೇಳುವವರುಂಟು. ಅದು ಅಲ್ಪವೋ ಅನಲ್ಪವೋ ಎಂಬುದನ್ನು ಆ ಸ್ಥಾನಕ್ಕೆ ಬೆಲೆ ಕಟ್ಟಿದವರಿಂದಲೇ ತಿಳಿಯಬಹುದು. ಅಮೆರಿಕದ ನ್ಯಾಯ ಇಲಾಖೆಯು 2020ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯ ಮೇಲೆ ಹೂಡಿದ ಮೊಕದ್ದಮೆಯ ವಿಚಾರಣೆಯಲ್ಲಿ ಹೊರಬಿದ್ದಂತೆ, ಬ್ರೌಸರುಗಳಲ್ಲಿಯೂ ಫೋನುಗಳಲ್ಲಿಯೂ ಡಿಫಾಲ್ಟ್ ಆಗಿರುವುದಕ್ಕಾಗಿ ಆ ಸಂಸ್ಥೆಯು 2021ನೆಯ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರುಗಳನ್ನು ತೆತ್ತಿತ್ತು. 2022ರಲ್ಲಿ ಆ್ಯಪಲ್ ಸಂಸ್ಥೆಯೊಂದಕ್ಕೇ ಸುಮಾರು 2,000 ಕೋಟಿ ಡಾಲರು ಸಂದಿತು. ಜನರು ಹೇಗೂ ತನ್ನನ್ನೇ ಆರಿಸಿಕೊಳ್ಳುವರೆಂಬ ಪೂರ್ಣವಿಶ್ವಾಸ ಇದ್ದಿದ್ದರೆ ಯಾರೂ ಇಷ್ಟು ಧನವನ್ನು ವ್ಯಯಮಾಡುತ್ತಿರಲಿಲ್ಲ. ಅಲ್ಲಿ ಕೊಂಡುಕೊಳ್ಳಲ್ಪಟ್ಟದ್ದು ನಮ್ಮ ಮೆಚ್ಚಿಕೆಯಲ್ಲ, ನಮ್ಮ ಅನವಧಾನ. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಆ ಸಂಸ್ಥೆಯು ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ಮರುವರ್ಷದ ಸೆಪ್ಟೆಂಬರಿನಲ್ಲಿ ಪರಿಹಾರವನ್ನು ವಿಧಿಸುವಾಗ ಇತರರನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಿದರೂ ಹಣ ಕೊಡುವುದನ್ನು ಮಾತ್ರ ನಿಷೇಧಿಸಲಿಲ್ಲ. ನಮ್ಮ ದೇಶದ ಸ್ಪರ್ಧಾ ಆಯೋಗವೂ 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಷಯವಾಗಿ 1,337.76 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿ, ಫೋನನ್ನು ಮೊದಲು ಸಿದ್ಧಪಡಿಸಿಕೊಳ್ಳುವಾಗಲೇ ಸರ್ಚ್ ಎಂಜಿನ್ನನ್ನು ಆರಿಸುವ ಅವಕಾಶ ಬಳಕೆದಾರನಿಗೆ ಇರತಕ್ಕದ್ದೆಂದು ಆಜ್ಞಾಪಿಸಿತು. ನ್ಯಾಯಾಲಯಗಳೂ ಆಯೋಗಗಳೂ ಮಾಡಬಹುದಾದದ್ದು ಇಷ್ಟೆ. ಬಾಗಿಲನ್ನು ತೆರೆದಿಡುವುದು ಅವುಗಳ ಕೆಲಸ; ಯಾವ ಬಾಗಿಲಿನಿಂದ ಹೋಗಬೇಕೆಂದು ವಿಚಾರಮಾಡುವ ಹೊಣೆಯನ್ನು ಅವು ನಮ್ಮ ಪರವಾಗಿ ಹೊರಲಾರವು.

ಆ ಹೊಣೆಯ ಸ್ವರೂಪವನ್ನು ಯೋಚಿಸುವಾಗ ನನಗೆ ಮೇಲಿಂದ ಮೇಲೆ ನೆನಪಾಗುವುದು ಶೃಂಗೇರಿಯ ವಿದ್ಯಾರಣ್ಯರು 14ನೆಯ ಶತಮಾನದಲ್ಲಿ ರಚಿಸಿದ ‘ಜೀವನ್ಮುಕ್ತಿವಿವೇಕ’. ಯೋಗವಾಸಿಷ್ಠವನ್ನು ಅನುಸರಿಸಿ ಅವರು ವಾಸನೆಯ ಲಕ್ಷಣವನ್ನು ವಿವರಿಸುವ ರೀತಿಯು ಗಮನಾರ್ಹವಾದುದು: ಹಿಂದುಮುಂದಿನ ವಿಚಾರವನ್ನು ಬಿಟ್ಟು, ಬೇರೂರಿದ ಭಾವನೆಯ ಬಲದಿಂದಲೇ ಒಂದು ವಸ್ತುವನ್ನು ಹಿಡಿದುಕೊಳ್ಳುವುದು ವಾಸನೆ. ವಸ್ತುವು ಕೆಟ್ಟದ್ದೆಂದು ಅಲ್ಲಿ ಹೇಳಿಲ್ಲವೆಂಬುದನ್ನು ಗಮನಿಸಬೇಕು. ದೋಷವಿರುವುದು ಹಿಡಿದ ವಸ್ತುವಿನಲ್ಲಿ ಅಲ್ಲ, ವಿಚಾರವಿಲ್ಲದೆ ಹಿಡಿದುದರಲ್ಲಿ. ದೇಹವಾಸನೆ, ಲೋಕವಾಸನೆಗಳೊಡನೆ ಅವರು ಶಾಸ್ತ್ರವಾಸನೆಯನ್ನೂ ಸೇರಿಸಿದರು. ವಿದ್ಯೆಯ ದಾಹವೂ ಬಂಧನವಾಗಬಲ್ಲುದೆಂದು ಸ್ವತಃ ಮಹಾವಿದ್ವಾಂಸರಾದವರು ಹೇಳಿದ್ದು ಸಣ್ಣ ಮಾತಲ್ಲ. ಬೆರಳು ತಾನಾಗಿಯೇ ಹೋಗಿ ಪರಿಚಿತವಾದ ಹುಡುಕುವ ಪಟ್ಟಿಯನ್ನು ಒತ್ತುವುದೂ, ಮೊದಲು ಕಂಡ ಉತ್ತರವನ್ನೇ ಉತ್ತರವೆಂದು ಭಾವಿಸುವುದೂ, ಅದರ ಮೇಲೆ ಹಣ ಕೊಟ್ಟವರ ಜಾಹೀರಾತು ಕುಳಿತಿದ್ದರೂ ಕಣ್ಣು ಅದನ್ನು ಬೇರ್ಪಡಿಸದಿರುವುದೂ ಈ ಶಾಸ್ತ್ರವಾಸನೆಯ ಕುಲಕ್ಕೇ ಸೇರಿದವೆಂದು ನಾನು ತಿಳಿಯುತ್ತೇನೆ.

ಬೇಡವಾದ ಶೋಧಯಂತ್ರವನ್ನು ತೆಗೆದುಹಾಕಲು ಹೊರಟವನಿಗೆ ಈ ಸಾದೃಶ್ಯವು ಕೇವಲ ಅಲಂಕಾರವಲ್ಲವೆಂದು ಬೇಗನೆ ಅರಿವಾಗುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿದರೆ ಕೆಲಸ ಮುಗಿಯಿತೆಂದು ಅವನು ಎಣಿಸುತ್ತಾನೆ. ಮರುದಿನ ಹಳೆಯದೇ ಮರಳಿ ಬಂದಿರುತ್ತದೆ. ಯಾವುದೋ ಉಚಿತ ತಂತ್ರಾಂಶದೊಡನೆ, ಮೊದಲೇ ಗುರುತು ಹಾಕಿಟ್ಟಿದ್ದ ಚೌಕವನ್ನು ನೋಡದೆ ಒಪ್ಪಿಕೊಂಡದ್ದರಿಂದ ಒಳಹೊಕ್ಕ ಎಕ್ಸ್‌ಟೆನ್ಷನ್ ಒಂದು ಆ ಸ್ಥಾನವನ್ನು ತನ್ನ ವಶದಲ್ಲಿಟ್ಟುಕೊಂಡಿರಬಹುದು. ಒಂದಾನೊಂದು ಕಾಲದಲ್ಲಿ ಜಾವಾ ತಂತ್ರಾಂಶದ ಜೊತೆಗೆ ಆಸ್ಕ್ ಟೂಲ್‌ಬಾರ್ ಹೀಗೆಯೇ ಅಸಂಖ್ಯ ಕಂಪ್ಯೂಟರುಗಳನ್ನು ಸೇರಿತು. ಆ ಎಕ್ಸ್‌ಟೆನ್ಷನ್ನನ್ನು ತೆಗೆದ ಮೇಲೂ, ಡೆಸ್ಕ್‌ಟಾಪಿನ ಮೇಲಿರುವ ಬ್ರೌಸರಿನ ಶಾರ್ಟ್‌ಕಟ್ಟಿನೊಳಗೆ ಬೇರೊಂದು ವಿಳಾಸವನ್ನು ಯಾರೋ ಹೊಲಿದಿಟ್ಟಿರುವುದುಂಟು. ಒಂದು ಕಂಪ್ಯೂಟರಿನಲ್ಲಿ ಶುದ್ಧಿಮಾಡಿದರೆ, ಅದೇ ಖಾತೆಯ ಸಿಂಕ್ ಮೂಲಕ ಇನ್ನೊಂದರಲ್ಲಿ ಉಳಿದುದು ತಿರುಗಿ ಬರಬಹುದು. ಐಫೋನಿನ ಸಫಾರಿಯಲ್ಲಿ ಮಾಡಿದ ಬದಲಾವಣೆ ಅದೇ ಫೋನಿನ ಕ್ರೋಮ್‌ಗೆ ತಿಳಿಯದು. ಆಂಡ್ರಾಯ್ಡ್ ಫೋನಿನ ಮುಖಪುಟದಲ್ಲಿರುವ ಹುಡುಕುವ ಪಟ್ಟಿಯು ಬ್ರೌಸರಿನ ಆಯ್ಕೆಯನ್ನು ಲೆಕ್ಕಿಸದೆ ಸಾಮಾನ್ಯವಾಗಿ ತನ್ನ ಒಡೆಯನ ಬಳಿಗೇ ಹೋಗುತ್ತದೆ. ವಿಂಡೋಸಿನ ಕೆಳಪಟ್ಟಿಯಲ್ಲಿ ಬರೆದ ಪ್ರಶ್ನೆಯು, ನಾವು ಬ್ರೌಸರಿನಲ್ಲಿ ಯಾವುದನ್ನು ಇಟ್ಟುಕೊಂಡಿದ್ದರೂ, ಸಾಮಾನ್ಯವಾಗಿ ಬಿಂಗ್‌ಗೇ ಸೇರುತ್ತದೆ. ತತ್ತ್ವಜ್ಞಾನ, ವಾಸನಾಕ್ಷಯ, ಮನೋನಾಶ ಎಂಬ ಮೂರನ್ನೂ ಏಕಕಾಲದಲ್ಲಿ, ದೀರ್ಘಕಾಲ ಅಭ್ಯಾಸಮಾಡದೆ ಒಂದೊಂದನ್ನೇ ಪ್ರತ್ಯೇಕವಾಗಿ ಸಾಧಿಸಹೊರಟರೆ ಫಲವಿಲ್ಲವೆಂದು ವಿದ್ಯಾರಣ್ಯರು ಒತ್ತಿಹೇಳಿದುದರ ಅರ್ಥವನ್ನು, ವೇದಾಂತದ ಗಂಧವಿಲ್ಲದವನೂ ಈ ಪರದಾಟದಲ್ಲಿ ಅನುಭವದಿಂದಲೇ ಗ್ರಹಿಸಬಲ್ಲನು. ಏಕದೇಶದಲ್ಲಿ ಮಾತ್ರ ಮಾಡಿದ ಶುದ್ಧಿಗೆ ಆಯುಸ್ಸಿಲ್ಲ. ಎಕ್ಸ್‌ಟೆನ್ಷನ್ನು, ಶಾರ್ಟ್‌ಕಟ್ಟು, ಖಾತೆ, ಫೋನು, ಲ್ಯಾಪ್‌ಟಾಪು ಎಲ್ಲವನ್ನೂ ಒಂದೇ ಆಸನದಲ್ಲಿ ಕುಳಿತು ನೋಡಿ ಮುಗಿಸಬೇಕು. ಹೊಸದನ್ನೇನಾದರೂ ಸ್ಥಾಪಿಸಿದಾಗ ಮತ್ತೊಮ್ಮೆ ನೋಡಬೇಕು.

ಇದಕ್ಕಿಂತಲೂ ಗಹನವಾದದ್ದು ಇನ್ನೊಂದುಂಟು. ಕ್ರೋಮ್ ಬ್ರೌಸರಿನಲ್ಲಿ ಡಿಫಾಲ್ಟ್ ಆಗಿರುವ ಸರ್ಚ್ ಎಂಜಿನ್ನನ್ನು ನೇರವಾಗಿ ಅಳಿಸಲಾಗದು. ಮೊದಲು ಬೇರೊಂದನ್ನು ಆ ಸ್ಥಾನದಲ್ಲಿ ಕೂಡಿಸಿದ ಮೇಲೆಯೇ ಹಿಂದಿನದನ್ನು ಪಟ್ಟಿಯಿಂದ ತೆಗೆಯಲು ಅದು ಎಡೆಗೊಡುತ್ತದೆ. ಶೂನ್ಯಸ್ಥಾನವೆಂಬುದು ಅಲ್ಲಿಲ್ಲ. ಇದನ್ನು ಯಂತ್ರನಿರ್ಮಾಪಕರ ಕುಟಿಲತೆಯೆಂದು ಭಾವಿಸಬೇಕಾಗಿಲ್ಲ, ಏಕೆಂದರೆ ಮನಸ್ಸಿನ ರಚನೆಯೂ ಅಂತಹುದೇ. ಮಲಿನವಾಸನೆಗಳನ್ನು ಸುಮ್ಮನೆ ಹೊರದೂಡಲಾಗದೆಂದೇ ಮೈತ್ರಿ, ಕರುಣೆ ಮೊದಲಾದ ಶುದ್ಧವಾಸನೆಗಳನ್ನು ಅವುಗಳ ಸ್ಥಳದಲ್ಲಿ ಬೆಳೆಸಬೇಕೆಂದು, ಕೊನೆಗೆ ಆ ಶುದ್ಧವಾಸನೆಗಳನ್ನೂ ಸಡಿಲಿಸಬೇಕೆಂದು ವಿದ್ಯಾರಣ್ಯರು ಕ್ರಮವನ್ನು ಹೇಳಿದರು. ಎಲ್ಲ ಪೂರ್ವಸಿದ್ಧತೆಯಿಂದಲೂ ಬಿಡುಗಡೆ ಹೊಂದಿದ ನಿರ್ಮಲ ಜಿಜ್ಞಾಸೆಯೊಂದುಂಟೆಂದು ಹಂಬಲಿಸುವವರಿಗೆ ಈ ಕ್ರಮವು ನಿರಾಶೆಯನ್ನುಂಟುಮಾಡಬಹುದು. ನನಗಾದರೋ ಇದು ಅಭಯವಾಗಿ ಕಾಣುತ್ತದೆ. ಸ್ವಾತಂತ್ರ್ಯವೆಂದರೆ ಯಾವ ಆಲಂಬನವೂ ಇಲ್ಲದೆ ನಿಲ್ಲುವುದಾಗಿದ್ದರೆ ನಮ್ಮಂತಹ ಸಾಮಾನ್ಯರಿಗೆ ಅದು ಎಂದೂ ಎಟುಕುತ್ತಿರಲಿಲ್ಲ. ಆಲಂಬನವನ್ನು ತಿಳಿದು ಹಿಡಿಯುವುದೂ, ತಿಳಿದು ಬಿಡುವುದೂ ನಮ್ಮ ಶಕ್ತಿಯೊಳಗಿವೆ. ಡಕ್‌ಡಕ್‌ಗೋ ಆಗಲಿ, ಇಕೋಸಿಯಾ ಆಗಲಿ, ಹೊಸದಾಗಿ ಬಂದು ಕುಳಿತುದೂ ಆಪ್ತನಲ್ಲ. ಅದಕ್ಕೂ ಅದರದೇ ಆದ ಆದಾಯಮಾರ್ಗವಿದೆ, ಉತ್ತರಗಳನ್ನು ಹಿಂದುಮುಂದಾಗಿ ಜೋಡಿಸುವ ಅದರದೇ ಆದ ಕ್ರಮವಿದೆ. ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಗೂಗಲ್ಲೇ ಲೇಸೆಂದು ಒಬ್ಬನು ಅದನ್ನೇ ಉಳಿಸಿಕೊಂಡರೆ, ಅವನ ಯಂತ್ರದಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಅವನಲ್ಲಿ ಆಗಬೇಕಾದುದು ಆಗಿದೆಯೆಂದೇ ನಾನು ಹೇಳುವೆನು.

ಹಾಗಿದ್ದಮೇಲೆ ಮಕ್ಕಳು ರಜೆಗೆ ಊರಿಗೆ ಬಂದಾಗ ತಂದೆತಾಯಿಗಳ ಫೋನನ್ನು ಕೈಗೆ ತೆಗೆದುಕೊಂಡು, ಅವರಿಗೆ ಒಂದು ಮಾತನ್ನೂ ಹೇಳದೆ, ತಮಗೆ ಸರಿಕಂಡ ಶೋಧಯಂತ್ರವನ್ನು ಅದರಲ್ಲಿ ಕೂಡಿಸಿ ಹೋಗುವುದನ್ನು ಏನೆನ್ನಬೇಕು? ಅಲ್ಲಿ ಪ್ರೀತಿಯಿದೆ, ಹಿತಚಿಂತನೆಯಿದೆ, ನಡುವೆ ಹಣದ ಮಾತಿಲ್ಲ. ಆದರೂ ಆ ತಾಯಿಯ ಪಾಲಿಗೆ ಹಿಂದಿನದು ಹೇಗೆ ಅವಿಚಾರಿತವಾಗಿ ಬಂದಿತ್ತೋ ಹೊಸದೂ ಹಾಗೆಯೇ ಬಂದಿತು. ಒಂದು ಕೈಯ ಬದಲು ಇನ್ನೊಂದು ಕೈ ಅವಳ ಪ್ರಶ್ನೆಗೆ ದಾರಿಯನ್ನು ಗೊತ್ತುಮಾಡಿತು. ಅವಳೇ ವಿಚಾರಮಾಡಿ ಆರಿಸಿಕೊಳ್ಳುವಂತಾಗಲು ಬೇಕಾದುದು ಕಾಲು ಗಂಟೆಯ ಸಾವಧಾನ. ಅವಳು ಅಮಾವಾಸ್ಯೆಯ ತಿಥಿಯನ್ನೋ ಮಂಡಿನೋವಿನ ಮದ್ದನ್ನೋ ಹುಡುಕುವ ಮಾತನ್ನೇ ಎರಡು ಶೋಧಯಂತ್ರಗಳಿಗೂ ಕೊಟ್ಟು, ಬಂದ ಉತ್ತರಗಳನ್ನು ಅವಳೊಡನೆ ಕುಳಿತು ಓದಿ, ಇವುಗಳಲ್ಲಿ ಮಾರುವವರ ಮಾತು ಯಾವುದು, ಉಳಿದುದು ಯಾವುದು ಎಂದು ತೋರಿಸಿ, ಬಳಿಕ ‘ನಿನಗೆ ಯಾವುದು ಬೇಕಮ್ಮ?’ ಎಂದು ಕೇಳತಕ್ಕದ್ದು. ಹಳೆಯದೇ ಇರಲಿ ಎಂದು ಅವಳು ಹೇಳಿದರೆ ಅದನ್ನು ಹಾಗೆಯೇ ಬಿಟ್ಟು ಫೋನನ್ನು ಅವಳ ಕೈಗೆ ಕೊಡತಕ್ಕದ್ದು.